ಹೊಳೆಗುಂಟ ಮುಂಡಿಗೆಕೆರೆಗೆ

ಕೇಳುಗರಿಗೆ ನಮಸ್ಕಾರ.

ಶಿರಸಿ ಸೀಮೆಯಲ್ಲಿ ವರ್ಷಕ್ಕೆ ಕೆಲವೇ ದಿನ ಒದಗುವ ಒಂದು ನಡಿಗೆಯಿದೆ. ಮೇ ತಿಂಗಳು ಮುಗಿಯುತ್ತಿರಬೇಕು, ಒಂದೆರಡು ಅಡ್ಡಮಳೆ ಬಿದ್ದಿರಬೇಕು, ಆದರೆ ಶಾಲ್ಮಲಾ ಹೊಳೆಗೆ ಇನ್ನೂ ಕೆಂಪು ನೀರು ಬಂದಿರಬಾರದು. ಆಗ ಬೆಳಿಗ್ಗೆ ಸಹಸ್ರಲಿಂಗದಲ್ಲಿ ಹೊಳೆಗಿಳಿದು, ಸಂಜೆ ಸೋಂದೆಯ ಮುಂಡಿಗೆಕೆರೆಯ ದಂಡೆಯಲ್ಲಿ ಕೂರಬಹುದು. ಬೇಗ ಹೋದರೆ ಕೆರೆಗೆ ಗೂಡು ಕಟ್ಟಲು ಬರುವ ಬೆಳ್ಳಕ್ಕಿಯಿಲ್ಲ. ತಡಮಾಡಿದರೆ ಹೊಳೆಯಲ್ಲಿ ಲಿಂಗಗಳಿಲ್ಲ, ಎಲ್ಲವೂ ನೀರಿನಡಿ.

ಸಹಸ್ರಲಿಂಗವನ್ನು ನೀವು ನೋಡಿರಬಹುದು. ಸೋಂದೆಯ ಅರಸರ ಕಾಲದಲ್ಲಿ ಹೊಳೆಯ ಬಂಡೆಬಂಡೆಯ ಮೇಲೂ ಲಿಂಗ ಕೆತ್ತಿದರು, ಎದುರಿಗೊಂದು ನಂದಿಯನ್ನೂ ಕೂರಿಸಿದರು. ಮಳೆಗಾಲ ಪೂರ್ತಿ ಹೊಳೆಯೇ ಅಭಿಷೇಕ ಮಾಡುತ್ತದೆ. ಹೆಚ್ಚಿನವರು ಇಲ್ಲಿ ಕಾಲು ನೆನೆಸಿ ವಾಪಸು ಹೋಗುತ್ತಾರೆ. ನಾವು ಮೂವರು ದಂಡೆ ಹಿಡಿದು ಮುಂದೆ ನಡೆದೆವು.

ಈ ದಂಡೆಯ ಕಾಡನ್ನು 2012ರಲ್ಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿದ್ದಾರೆ. ಯಾಕೆ ಅಂತ ನಡೆದರೆ ತಿಳಿಯುತ್ತದೆ. ಮರದ ಬೇರು ಬಂಡೆಯನ್ನು ಅಪ್ಪಿಕೊಂಡು ನೇರ ನೀರಿಗಿಳಿದಿದೆ. ಮಳೆಗಾಲದ ಅಷ್ಟು ರಭಸಕ್ಕೂ ದಂಡೆ ಕುಸಿಯದಂತೆ ಹಿಡಿದಿರುವುದು ಆ ಬೇರುಗಳೇ. ನಡುನಡುವೆ ಅಪ್ಪೆಮರ, ಅಂದರೆ ಕಾಡುಮಾವು. ಉಪ್ಪಿನಕಾಯಿಗೆ ನಾವು ಪ್ರಾಣ ಬಿಡುವ ಅಪ್ಪೆಮಿಡಿ ಹುಟ್ಟಿದ್ದೇ ಇಂಥ ಹೊಳೆಯಂಚಿನಲ್ಲಿ. ಒಂದೊಂದು ಮರದ ಮಿಡಿಗೆ ಒಂದೊಂದು ಪರಿಮಳ. ಮಿಡಿಯ ಆಸೆಗೆ ಕೊಂಬೆಯನ್ನೇ ಕಡಿದು ಬೀಳಿಸಿದ ಒಂದು ಮರ ಕಂಡೆವು. ಹೊಟ್ಟೆ ಉರಿಯಿತು. ಮರ ಹತ್ತಿ ಕೊಯ್ಯುವ ಕೈ ಇಲ್ಲದಿದ್ದರೆ ಮಿಡಿಯನ್ನು ಬಿಟ್ಟುಕೊಟ್ಟರೂ ಪರವಾಗಿಲ್ಲ, ಮರವನ್ನು ಕಳೆದುಕೊಳ್ಳಬಾರದು.

ಮಧ್ಯಾಹ್ನ ಬಂಡೆಯ ಮೇಲೆ ಬುತ್ತಿ ಬಿಚ್ಚಿದೆವು: ತೆಳ್ಳೇವು ಎಂಬ ತೆಳು ದೋಸೆ, ಬೆಲ್ಲ, ಹಿಂದಿನ ವರ್ಷದ ಮಿಡಿ ಉಪ್ಪಿನಕಾಯಿ. ಕಾಲಿಗೆ ಹತ್ತಿದ ಉಂಬಳ, ಅಂದರೆ ಜಿಗಣೆ, ಬಿಡಿಸಿಕೊಂಡು, ಹೊಳೆಯನ್ನು ಅದರ ಪಾಡಿಗೆ ಬಿಟ್ಟೆವು. ಅದು ಬೇಡ್ತಿಯನ್ನು ಕೂಡಿ, ಗಂಗಾವಳಿ ಅನ್ನಿಸಿಕೊಂಡು ಕಡಲು ಸೇರಬೇಕು. ನಮಗೆ ಸೋಂದೆಯ ದಾರಿ. ಅಡಿಕೆ ತೋಟ, ದಾಟಲು ಒಂದು ಸಂಕದ ಕಾಲುಸೇತುವೆ, ಮತ್ತೆ ತೋಟ.

ಮುಂಡಿಗೆಕೆರೆ ದೊಡ್ಡದೇನಲ್ಲ. ನೀರಿನ ನಡುವೆ ಕೇದಗೆ ಜಾತಿಯ ಮುಂಡಿಗೆ ಗಿಡ ಹಿಂಡಲು ಹಿಂಡಲಾಗಿ, ಪೊದೆಯಂತೆ ಬೆಳೆದಿದೆ, ಅದರಿಂದಲೇ ಆ ಹೆಸರು. ಮುಂಡಿಗೆಯ ಎಲೆಯಂಚು ಗರಗಸದಂತೆ ಮುಳ್ಳುಮುಳ್ಳು. ಸುತ್ತ ನೀರು, ಒಳಗೆ ಮುಳ್ಳು: ಬೆಕ್ಕು, ಮುಂಗುಸಿ ಸುಲಭಕ್ಕೆ ಒಳಹೋಗಲಾರವು. ಗೂಡಿಗೆ ಇದಕ್ಕಿಂತ ಭದ್ರವಾದ ಜಾಗ ಬೆಳ್ಳಕ್ಕಿಗೆ ಎಲ್ಲಿ ಸಿಕ್ಕೀತು? ಮುಂಗಾರಿನ ಹೊತ್ತಿಗೆ ಬರುವುದಕ್ಕೂ ಕಾರಣವಿದೆ. ಮಳೆ ಹಿಡಿದರೆ ಗದ್ದೆಯಲ್ಲಿ ಕಪ್ಪೆ, ಮೀನು, ಹುಳ ತುಂಬುತ್ತವೆ. ಮರಿ ಬಾಯ್ತೆರೆಯುವ ಹೊತ್ತಿಗೆ ಗುಟುಕು ಸಿದ್ಧ.

ದಂಡೆಯಲ್ಲಿ ದನ ಹೊಡೆದುಕೊಂಡು ಬಂದ ಅಜ್ಜರೊಬ್ಬರು ನಿಂತಿದ್ದರು. "ಬೇಗ ಬಂದ್ವಾ ಅಜ್ಜ ಈ ಸಲ?" ಅಂತ ಕೇಳಿದೆ. "ನಿನ್ನೆ ಬೈಂದು ತಮಾ. ಇನ್ನು ಮಳೆ ದೂರ ಇಲ್ಲೆ" ಅಂದರು. ಮನೆಗೆ ನೆಂಟರು ಬಂದ ಸಂತೋಷ ಆ ದನಿಯಲ್ಲಿ. ಊರವರು ಇಲ್ಲಿ ಹಕ್ಕಿಗೆ ಕಲ್ಲೆಸೆಯಲು ಬಿಡುವುದಿಲ್ಲ. ನೀವು ಹೋದರೂ ದೂರ ಕೂತು ನೋಡಿ. ಗದ್ದಲಕ್ಕೆ ತಾಯಿ ಎದ್ದುಹೋದರೆ ಮೊಟ್ಟೆ ಬರಿದೇ ಬಿದ್ದಿರುತ್ತದೆ, ಕಾಗೆ ಕಾಯುತ್ತಿರುತ್ತದೆ.

ಹೊತ್ತು ಇಳಿದಂತೆ ಗದ್ದೆಗಳ ಕಡೆಯಿಂದ ಐದು, ಹತ್ತು, ಇಪ್ಪತ್ತಾಗಿ ಬಂದವು. ಹಸಿರು ಮುಂಡಿಗೆ ನೋಡುನೋಡುತ್ತ ಬಿಳಿಯಾಯಿತು. ನಮ್ಮೆದುರಿನ ಹಿಂಡಲಲ್ಲಿ ಒಂದು ಹಕ್ಕಿ ಕಡ್ಡಿ ತಂದು ಜೊತೆಯ ಕೊಕ್ಕಿಗೆ ಕೊಟ್ಟಿತು. ಅದು ಕಡ್ಡಿಯನ್ನು ಇಟ್ಟು, ತೆಗೆದು, ತಿರುಗಿಸಿ ಮತ್ತೆ ಇಟ್ಟಿತು. ಇದು ಇನ್ನೊಂದು ಕಡ್ಡಿಗೆ ಹಾರಿತು. ಶಿರಸಿ ಬಸ್ಸಿಗೆ ಹೊತ್ತಾಗಿತ್ತು. ಆ ಎರಡನೇ ಕಡ್ಡಿ ಬರುವ ತನಕ ನಾವು ಮೂವರೂ ಏಳಲಿಲ್ಲ.

ನಮಸ್ಕಾರ.