ಇಲ್ಲೇ ಹುಟ್ಟಿದವರಿಗೆ ಪೌರತ್ವದ ಅರ್ಜಿ ಯಾಕೆ?

ಪೆನ್ನು ಒಳಗೆ ಬಿಡುವುದಿಲ್ಲ. ಪೆನ್ಸಿಲ್ ಮಾತ್ರ. ನಾನು ಈಗ ಕ್ಯಾಲಿಫೋರ್ನಿಯಾದ ಸ್ಯಾನ್ ಬ್ರೂನೋದಲ್ಲಿ, ಅಮೆರಿಕ ಸರ್ಕಾರದ ಹಳೆಯ ದಾಖಲೆ ಇಡುವ ನ್ಯಾಷನಲ್ ಆರ್ಕೈವ್ಸ್‌ನ ಓದುವ ಕೋಣೆಯ ಹೊರಗೆ ಕ್ಯಾಮೆರಾ ಹಿಡಿದು ಇದ್ದೇನೆ. ಪಕ್ಕದಲ್ಲಿ ನಡೆದು ಬರುತ್ತಿರುವವರು ನಮ್ಮ ನೆರೆಮನೆಯವರು. ಎಂಬತ್ತು ದಾಟಿದೆ, ನನಗಿಂತ ಜೋರಾಗಿ ನಡೆಯುತ್ತಾರೆ.

ಅವರ ಅಜ್ಜಿಯ ಹೆಸರಲ್ಲಿ ಒಂದು ಪೌರತ್ವ ಪ್ರಮಾಣಪತ್ರ ಮನೆಯಲ್ಲಿ ಸಿಕ್ಕಿತ್ತು. ವರ್ಷ 1926. ತಮಾಷೆ ಏನೆಂದರೆ ಅಜ್ಜಿ ಹುಟ್ಟಿದ್ದೇ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಇಲ್ಲೇ ಹುಟ್ಟಿದವರು ಇಲ್ಲಿಯ ಪ್ರಜೆ ಆಗಲು ಅರ್ಜಿ ಹಾಕುವುದೇ? ಯಾರೋ ಗುಮಾಸ್ತ ತಪ್ಪು ಬರೆದಿರಬೇಕು ಅಂದುಕೊಂಡೆವು.

ಒಂದು ಮಾತು. ಮನೆಯಲ್ಲಿ ಉಳಿದಿರುವ ಪ್ರಮಾಣಪತ್ರದಲ್ಲಿ ವಿಷಯ ಕಡಿಮೆ. ನಿಜವಾದ ಕಥೆ ಇರುವುದು ಕೋರ್ಟಿಗೆ ಕೊಟ್ಟ ಪಿಟಿಷನ್‌ನಲ್ಲಿ. 1906ರ ಸೆಪ್ಟೆಂಬರ್‌ಗೆ ಮೊದಲಿನದಾದರೆ ಅದೂ ಕಷ್ಟ. ಆಗ ಒಂದೊಂದು ಕೋರ್ಟಿಗೆ ಒಂದೊಂದು ಫಾರಂ, ಎಷ್ಟೋ ಕಡೆ ಹೆಸರು ಮತ್ತು ಬಿಟ್ಟುಬಂದ ದೇಶ, ಅಷ್ಟೇ. ಆಮೇಲೆ ದೇಶಕ್ಕೆಲ್ಲ ಒಂದೇ ನಮೂನೆ ಬಂತು. ಹುಟ್ಟಿದ ಊರು, ಬಂದ ಹಡಗು, ಇಳಿದ ದಿನ, ಹೆಂಡತಿ ಮಕ್ಕಳು, ಇಬ್ಬರು ಸಾಕ್ಷಿಗಳು. ಒಂದು ಪ್ರತಿ ವಾಷಿಂಗ್ಟನ್‌ಗೂ ಹೋಗುತ್ತಿತ್ತು.

ಸಾಮಾನ್ಯವಾಗಿ ಇದು ಎರಡು ಹಂತದ ಕೆಲಸ. ಮೊದಲು 'ಪ್ರಜೆ ಆಗುವ ಮನಸ್ಸಿದೆ' ಅಂತ ಡಿಕ್ಲರೇಷನ್. ಇದನ್ನೇ ಫಸ್ಟ್ ಪೇಪರ್ಸ್ ಅನ್ನುತ್ತಿದ್ದರು. ಕೆಲವು ವರ್ಷ ಬಿಟ್ಟು ಪಿಟಿಷನ್. ಅಜ್ಜಿಯ ಫೈಲ್ ಬಂತು ನೋಡಿ, ಅದರಲ್ಲಿ ಡಿಕ್ಲರೇಷನ್ ಇಲ್ಲವೇ ಇಲ್ಲ! ಹಾಳೆ ಕಳೆದಿದೆ ಅಂತ ನನಗೆ ಸಿಟ್ಟೇ ಬಂತು.

ಸಿಟ್ಟು ತಪ್ಪು. ಆ ಹಾಳೆ ಯಾವತ್ತೂ ಇರಲೇ ಇಲ್ಲ.

1907ರಲ್ಲಿ ಅಮೆರಿಕ ಒಂದು ಕಾನೂನು ಮಾಡಿತು. ಅಮೆರಿಕದ ಹೆಣ್ಣು ಪರದೇಶದ ಗಂಡನ್ನು ಮದುವೆಯಾದರೆ ಅವಳಿಗೂ ಗಂಡನ ದೇಶವೇ ಗತಿ. ತಾಳಿ ಇಲ್ಲದ ಊರಲ್ಲೂ ಗೋತ್ರ ಬದಲಾಗುತ್ತಿತ್ತು ಅನ್ನಿ. ಎಥೆಲ್ ಮೆಕೆಂಜಿ ಎಂಬ ಕ್ಯಾಲಿಫೋರ್ನಿಯಾದ ಹೆಣ್ಣುಮಗಳು ಬ್ರಿಟಿಷ್ ಪ್ರಜೆಯನ್ನು ಮದುವೆಯಾಗಿದ್ದರು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮತದಾರರ ಪಟ್ಟಿಗೆ ಹೆಸರು ಬರೆಸಲು ಹೋದರೆ, ಆಗಲ್ಲ ಅಂದರು. ಸುಪ್ರೀಂ ಕೋರ್ಟ್‌ವರೆಗೂ ಹೋದರು, 1915ರಲ್ಲಿ ಸೋತರು.

ನಮ್ಮ ಅಜ್ಜಿ (ಈಗ ಅವರು ನನಗೂ ಅಜ್ಜಿಯೇ) 1910ರಲ್ಲಿ ಮದುವೆಯಾಗಿದ್ದು ಇಟಲಿಯವರನ್ನು. ಆ ತಾತನ ಹೆಸರಿನ ಮುಂದೆ 1920ರ ಜನಗಣತಿಯಲ್ಲಿ 'ಪಿಎ' ಅಂತಿದೆ. ಅಂದರೆ ಫಸ್ಟ್ ಪೇಪರ್ಸ್ ಹಾಕಿದ್ದಾರೆ, ಇನ್ನೂ ಪ್ರಜೆ ಅಲ್ಲ. 1930ರಲ್ಲೂ ಅದೇ 'ಪಿಎ'. ತಾತ ಕೆಲಸ ಮುಗಿಸಲೇ ಇಲ್ಲ. ಅವರು ಪ್ರಜೆಯಾಗಲಿ ಅಂತ ಕಾಯುತ್ತಾ ಕೂತಿದ್ದರೆ ಅಜ್ಜಿ ಇಟಲಿಯವರಾಗಿಯೇ ಉಳಿಯುತ್ತಿದ್ದರು.

1922ರಲ್ಲಿ ಕೇಬಲ್ ಆಕ್ಟ್ ಎಂಬ ಹೊಸ ಕಾನೂನು ಬಂತು. ಹೀಗೆ ಪೌರತ್ವ ಕಳೆದುಕೊಂಡ ಹೆಂಗಸರು ತಾವೇ ಅರ್ಜಿ ಹಾಕಬಹುದಾಯಿತು. ಡಿಕ್ಲರೇಷನ್ ಬೇಡ. ಐದು ವರ್ಷದ ವಾಸ ತೋರಿಸಬೇಕಿಲ್ಲ, ಒಂದು ವರ್ಷ ಸಾಕು. ಫೈಲ್ ತೆಳ್ಳಗಿದ್ದದ್ದು ಅದಕ್ಕೇ.

ಆದರೆ ಆ ಕಾನೂನಿಗೂ ಒಂದು ಕೊಕ್ಕೆ ಇತ್ತು. ಪ್ರಜೆ ಆಗಲು 'ಅರ್ಹತೆಯೇ ಇಲ್ಲದ' ಗಂಡನ್ನು ಮದುವೆಯಾದರೆ ಪೌರತ್ವ ಹೋಗುತ್ತಲೇ ಇತ್ತು. ಯಾರು ಅವರು? ನಾವೂ ಅವರಲ್ಲೇ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬ ಭಾರತೀಯರ ಕೇಸಿನಲ್ಲಿ, ಭಾರತೀಯರು ಬಿಳಿಯರಲ್ಲ, ಆದ್ದರಿಂದ ಪೌರತ್ವವಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಥಿಂಡ್ ಅಮೆರಿಕದ ಸೈನ್ಯದಲ್ಲಿದ್ದವರು! ಹೆಂಗಸರ ಮೇಲಿನ ಆ ಕೊಕ್ಕೆ 1931ರವರೆಗೆ ಇತ್ತು. ನಮ್ಮವರಿಗೆ ಬಾಗಿಲು ತೆರೆದದ್ದು 1946ರಲ್ಲಿ. ನಡುವಿನ ವರ್ಷಗಳಲ್ಲಿ ನಿಮ್ಮ ಕುಟುಂಬದ ಯಾರದಾದರೂ ಕಾಗದ ಸಿಗದಿದ್ದರೆ, ಹುಡುಕಿದ್ದು ಸಾಲದು ಅಂದುಕೊಳ್ಳಬೇಡಿ. ಇಂಥ ಕಾನೂನೂ ಕಾರಣವಾಗಿರಬಹುದು.

ಇಲ್ಲಿ ಕ್ಯಾಮೆರಾ ಸ್ವಲ್ಪ ಅಲುಗಾಡಿದೆ, ಕ್ಷಮಿಸಿ. ನೆರೆಮನೆಯವರು ಪಿಟಿಷನ್ ಓದುತ್ತಾ ಒಂದು ಸಾಲಿನ ಮೇಲೆ ಬೆರಳಿಟ್ಟು ನಗುತ್ತಿದ್ದಾರೆ. 'ಅಮೆರಿಕಕ್ಕೆ ಬಂದ ಹಡಗಿನ ಹೆಸರು' ಅಂತ ಅಚ್ಚಾಗಿದೆ. ಅದರ ಮುಂದೆ ಟೈಪ್‌ರೈಟರ್‌ನಲ್ಲಿ ಹೊಡೆದ ಉದ್ದನೆಯ ಗೆರೆ.