ಶಿಕಾಗೋದಲ್ಲಿ ಒಂದು, ಅಮೆರಿಕದಲ್ಲಿ ಹತ್ತು

ಎಲ್ಲರಿಗೂ ನಮಸ್ಕಾರ.

ಬುಧವಾರ ರಾತ್ರಿ ಎಂಟು ಗಂಟೆ ಅಂದ ಕೂಡಲೇ ಇಲ್ಲಿ ಕೆಲವರಿಗಾದರೂ ರೇಡಿಯೋ ಸಿಲೋನ್ ನೆನಪಾಗುತ್ತದೆ. ಬಿನಾಕಾ ಗೀತಮಾಲಾ! ಅಮೀನ್ ಸಯಾನಿ ಹಾಡುಗಳನ್ನು ಒಂದೊಂದೇ ಮೆಟ್ಟಿಲು ಹತ್ತಿಸುತ್ತಾ ಹೋಗುತ್ತಿದ್ದರು. ನಮ್ಮಣ್ಣ ಅದನ್ನು ಲೆಕ್ಕದ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದಿಟ್ಟುಕೊಳ್ಳುತ್ತಿದ್ದ. ಹಾಸನದ ನಮ್ಮ ಬೀದಿಗೂ ದೂರದ ಭೋಪಾಲಿಗೂ ಒಂದೇ ಪಟ್ಟಿ. ಆದರೆ ನಮ್ಮ ಬೀದಿಯ ಹೋಟೆಲಿನಲ್ಲಿ ದಿನವಿಡೀ ಕೇಳುತ್ತಿದ್ದದ್ದು ಪಿ.ಬಿ. ಶ್ರೀನಿವಾಸ್. ಅವರ ಕನ್ನಡ ಹಾಡು ಆ ಪಟ್ಟಿಯಲ್ಲಿ ಬರುವ ಮಾತೇ ಇರಲಿಲ್ಲ, ಅದು ಹಿಂದಿ ಸಿನಿಮಾ ಪಟ್ಟಿ. ಹಾಸನಕ್ಕೇ ಅಂತ ಒಂದು ಪಟ್ಟಿ ಇದ್ದಿದ್ದರೆ ಹೇಗಿರುತ್ತಿತ್ತು? ಆಗ ನಮಗೆ ಯಾರಿಗೂ ಈ ಪ್ರಶ್ನೆ ಹೊಳೆಯಲಿಲ್ಲ.

ಅಮೆರಿಕದಲ್ಲಿ ಅಂಥದ್ದು ಇತ್ತು. ಊರೂರಿಗೆ ಇತ್ತು.

ನಾನು ಕೆಲಸದ ಮೇಲೆ ಕೆಲವು ವರ್ಷ ಶಿಕಾಗೋದಲ್ಲಿದ್ದೆ. ಅಲ್ಲೊಂದು ಹಳೇ ಸಾಮಾನಿನ ಸಂತೆಯಲ್ಲಿ ಈ ಹಾಳೆ ಸಿಕ್ಕಿತು. ಹಿಂದಿನ ಸಾಲಿನವರಿಗೆ ಕಾಣಲ್ಲ, ಆಮೇಲೆ ಕೈಗೆ ಕೊಡುತ್ತೇನೆ. ತೆಳು ಕಾಗದ, ಮಡಿಕೆ ಬಿದ್ದು ನಡುವೆ ಸೀಳಿದೆ. ಹಾಡಿನ ಹೆಸರು, ಹಾಡಿದವರು, ಎಷ್ಟು ವಾರದಿಂದ ಓಡುತ್ತಿದೆ, ಇಷ್ಟೇ ವಿವರ. ಇಂಥ ಹಾಳೆಗಳನ್ನು ಪ್ರತಿ ವಾರ ಅಚ್ಚು ಹಾಕಿ ರೆಕಾರ್ಡು ಅಂಗಡಿಯ ಕೌಂಟರಿನ ಮೇಲೆ ಸುಮ್ನೆ ಇಟ್ಟಿರುತ್ತಿದ್ದರು. ಪುಕ್ಕಟೆ. ಹುಡುಗರು ಬಂದು ಎತ್ತಿಕೊಂಡು ಹೋಗುತ್ತಿದ್ದರು.

ಇದನ್ನು ಹೊರಡಿಸುತ್ತಿದ್ದದ್ದು ಡಬ್ಲ್ಯೂಎಲ್‌ಎಸ್ ಎಂಬ ಶಿಕಾಗೋದ ರೇಡಿಯೋ ಸ್ಟೇಷನ್. 'ಪ್ರಪಂಚದ ಅತಿ ದೊಡ್ಡ ಅಂಗಡಿ' ಅನ್ನುವ ಇಂಗ್ಲಿಷ್ ಮಾತಿನ ಮೊದಲಕ್ಷರಗಳು ಇವು. 1924ರಲ್ಲಿ ಸಿಯರ್ಸ್ ಅಂಗಡಿಯವರು ಶುರು ಮಾಡಿದ್ದು. ಆಮೇಲೆ ಅದು ರೈತರ ಪತ್ರಿಕೆಯೊಂದರ ಕೈಗೆ ಹೋಗಿ ಕೃಷಿ ಸುದ್ದಿ, ಹಳ್ಳಿ ಹಾಡು ಬಿತ್ತರಿಸಿತು. 1960ರ ಮೇ ತಿಂಗಳಲ್ಲಿ ಒಮ್ಮೆಲೇ ರಾಕ್ ಹಾಡಿಗೆ ಹೊರಳಿತು. ಅದೇ ಅಕ್ಟೋಬರ್‌ನಿಂದ ಈ ಪಟ್ಟಿ, ಹೆಸರು 'ಸಿಲ್ವರ್ ಡಾಲರ್ ಸರ್ವೆ'. ಪಕ್ಕದ ಕೆನಡಾದ ಟೊರಾಂಟೋದಲ್ಲಿ ಚಮ್ ಸ್ಟೇಷನ್ ಅಷ್ಟರಲ್ಲಾಗಲೇ, 1957ರಿಂದ, ತನ್ನದೇ ಪಟ್ಟಿ ಕೊಡುತ್ತಿತ್ತು. ಲಾಸ್ ಏಂಜಲೀಸ್‌ನ ಕೆಎಚ್‌ಜೆ 1965ರಲ್ಲಿ ಸೇರಿಕೊಂಡಿತು. ಸಣ್ಣ ಪುಟ್ಟ ಊರಿನ ಸ್ಟೇಷನ್‌ಗಳನ್ನು ಲೆಕ್ಕ ಹಾಕಲು ಹೋದರೆ ಇವತ್ತಿಗೆ ಮುಗಿಯುವುದಿಲ್ಲ.

ಇನ್ನೊಂದು ಕಡೆ ಇಡೀ ದೇಶಕ್ಕೆ ಒಂದು ಪಟ್ಟಿ: ಬಿಲ್‌ಬೋರ್ಡ್ ಪತ್ರಿಕೆಯ 'ಹಾಟ್ 100'. ಶುರುವಾದದ್ದು 1958ರ ಆಗಸ್ಟ್ 4ರಂದು. ಇವತ್ತು ಹಳೇ ಇಂಗ್ಲಿಷ್ ಹಾಡು 'ಎಷ್ಟನೇ ನಂಬರ್ ಆಗಿತ್ತು' ಅಂತ ಹುಡುಕಿದರೆ ಬರುವುದು ಈ ನಂಬರೇ. ಊರಿನ ಪಟ್ಟಿ ಅಂದರೆ ಅದರದೇ ಸಣ್ಣ ನಕಲು ಅಂತ ನಾನೂ ಅಂದುಕೊಂಡಿದ್ದೆ. ಅಲ್ಲ.

ಒಂದು ಲೆಕ್ಕ ಹಾಕಿ ನೋಡೋಣ. ಒಂದು ಹಾಡು ಮಾರ್ಚ್‌ನಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಒಂದನೇ ನಂಬರ್. ಏಪ್ರಿಲ್‌ನಲ್ಲಿ ಬಾಸ್ಟನ್. ಮೇನಲ್ಲಿ ಶಿಕಾಗೋ. ಹೀಗೆ ಹತ್ತು ಊರು ಗೆದ್ದಿತು ಅಂತಿಟ್ಟುಕೊಳ್ಳಿ. ಆದರೆ ಅದು ಶಿಕಾಗೋ ತಲುಪುವ ಹೊತ್ತಿಗೆ ಪಿಟ್ಸ್‌ಬರ್ಗ್‌ನವರಿಗೆ ಬೇಜಾರಾಗಿ ಹೋಗಿದೆ. ಇನ್ನೊಂದು ಹಾಡು ಎಲ್ಲೂ ಮೊದಲನೆಯದಲ್ಲ. ಆದರೆ ಹತ್ತೂ ಊರಲ್ಲಿ ಒಂದೇ ವಾರ ಐದನೆಯದು. ದೇಶದ ಪಟ್ಟಿ ಒಂದು ವಾರದ ಲೆಕ್ಕ ಮಾತ್ರ ನೋಡುತ್ತದೆ, ಹಾಗಾಗಿ ಮೇಲೆ ಹೋಗುವುದು ಈ ಎರಡನೆಯದು. ಮೊದಲನೆಯದು ನಲವತ್ತರ ಆಚೆ ಎಲ್ಲೋ ಓಡಾಡಿ ಮಾಯವಾಗುತ್ತದೆ. ಅದು ಯಾರಿಗೂ ಹಿಡಿಸಲಿಲ್ಲ ಅಂತ ಐವತ್ತು ವರ್ಷದ ನಂತರ ನಾವು ಅಂದುಕೊಳ್ಳುತ್ತೇವೆ!

ಹಾಡು ಇಷ್ಟು ನಿಧಾನವಾಗಿ ಯಾಕೆ ಊರು ಸುತ್ತುತ್ತಿತ್ತು? ದುಡ್ಡು. ಸಣ್ಣ ಕಂಪನಿಗೆ ಇಡೀ ದೇಶಕ್ಕೆ ಸಾಕಾಗುವಷ್ಟು ಪ್ಲೇಟು ಅಚ್ಚು ಹಾಕಿಸುವ ಶಕ್ತಿ ಇರಲಿಲ್ಲ. ಒಂದೊಂದು ಪ್ರದೇಶಕ್ಕೆ ಒಬ್ಬೊಬ್ಬ ಹಂಚಿಕೆದಾರ. ಒಂದೂರಲ್ಲಿ ಮಾರಾಟವಾಗಿ ದುಡ್ಡು ಬಂದರೆ ಮುಂದಿನ ಊರಿಗೆ. ಮೆಜೆಸ್ಟಿಕ್‌ನಲ್ಲಿ ನೂರು ದಿನ ಓಡಿದ ಸಿನಿಮಾದ ರೀಲಿನ ಡಬ್ಬಿ ನಮ್ಮ ತಾಲೂಕಿನ ಟೆಂಟಿಗೆ ಯಾವಾಗ ಬರುತ್ತಿತ್ತು, ನೆನಪಿದೆಯಲ್ವಾ? ಹಾಗೇ.

ಈಗ ಒಂದು ಹಾಡಿನ ಕತೆ ಕೇಳಿ. 1964ರಲ್ಲಿ ಮಿಷಿಗನ್‌ನ ನೈಲ್ಸ್ ಎಂಬ ಸಣ್ಣ ಊರಲ್ಲಿ ಟಾಮಿ ಜೇಮ್ಸ್ ಅನ್ನುವ ಹೈಸ್ಕೂಲ್ ಹುಡುಗ ಗೆಳೆಯರ ಜೊತೆ 'ಹ್ಯಾಂಕಿ ಪ್ಯಾಂಕಿ' ಅಂತ ಒಂದು ಹಾಡು ರೆಕಾರ್ಡ್ ಮಾಡಿದ. ಸುತ್ತಮುತ್ತ ಓಡಿತು, ನಿಂತಿತು. ಗೆಳೆಯರು ಚದುರಿದರು. ಒಂದೂವರೆ ವರ್ಷದ ಮೇಲೆ ಆ ಪ್ಲೇಟು ಪಿಟ್ಸ್‌ಬರ್ಗ್‌ನ ಒಬ್ಬ ಡಿಜೆ ಕೈಗೆ ಸಿಕ್ಕಿತು. ಡ್ಯಾನ್ಸ್ ಹಾಲ್‌ನಲ್ಲಿ ಹಾಕಿದ. ಜನ ಮತ್ತೆ ಮತ್ತೆ ಕೇಳಿದರು. ಅಂಗಡಿಯಲ್ಲಿ ಪ್ಲೇಟು ಇಲ್ಲ. ಅಲ್ಲಿಯವರೇ ಯಾರೋ ಕಳ್ಳ ಪ್ರತಿ ಅಚ್ಚು ಹಾಕಿಸಿ ಸಾವಿರಗಟ್ಟಲೆ ಮಾರಿದರು. ಆ ಊರಲ್ಲಿ ಒಂದನೇ ನಂಬರ್. ಹಾಡಿದವನಿಗೆ ಗೊತ್ತೇ ಇಲ್ಲ! ಕರೆದರು, ಹೋದ. ಹಿಂದೆ ನುಡಿಸುವವರಿಲ್ಲ. ಅಲ್ಲಿಯ ಕ್ಲಬ್ಬೊಂದರಲ್ಲಿ ನುಡಿಸುತ್ತಿದ್ದ ಹುಡುಗರನ್ನೇ ಜೊತೆಗೆ ಹಾಕಿಕೊಂಡು ಅವರಿಗೇ ಹಳೇ ತಂಡದ ಹೆಸರಿಟ್ಟ. ನ್ಯೂಯಾರ್ಕ್‌ನ ರೂಲೆಟ್ ಕಂಪನಿ ಹಾಡನ್ನು ಕೊಂಡುಕೊಂಡಿತು. 1966ರ ಜುಲೈನಲ್ಲಿ ಅದು ಇಡೀ ಅಮೆರಿಕಕ್ಕೆ ಒಂದನೆಯದು. ಪಿಟ್ಸ್‌ಬರ್ಗ್ ಇಲ್ಲದಿದ್ದರೆ ಆ ಪ್ಲೇಟು ಯಾವುದೋ ಗುಜರಿಯಲ್ಲಿ ಇರುತ್ತಿತ್ತು.

ಊರಿನ ಪಟ್ಟಿ ಅಂದರೆ ಜನರ ಸಾಚಾ ದನಿ ಅಂತ ನಾನು ಹೇಳುತ್ತಿಲ್ಲ. ಅಷ್ಟು ನಂಬಬೇಡಿ. ಸ್ಟೇಷನ್‌ನವರು ಅಂಗಡಿಗಳಿಗೆ ಫೋನ್ ಮಾಡಿ ಯಾವುದು ಎಷ್ಟು ಹೋಯಿತು ಅಂತ ಕೇಳುತ್ತಿದ್ದರು. ಅಂಗಡಿಯವನು ಬಾಯಿಗೆ ಬಂದದ್ದು ಹೇಳಿದರೂ ಪರೀಕ್ಷೆ ಮಾಡುವವರಿಲ್ಲ. ಡಬ್ಲ್ಯೂಎಲ್‌ಎಸ್ ಹಾಳೆಯ ಕೆಳಗೆ ಸಣ್ಣಕ್ಷರದಲ್ಲಿ ಒಂದು ಮಾತಿದೆ. ಅಂಗಡಿಗಳ ಮಾರಾಟದ ವರದಿ 'ಮತ್ತು ನಮಗೆ ದೊರೆಯುವ ಇತರ ಮೂಲಗಳಿಂದ' ಇದನ್ನು ತಯಾರಿಸಿದ್ದು, ಅಂತ. ಆ 'ಇತರ ಮೂಲ'ದಲ್ಲಿ ಏನೇನಿತ್ತೋ! ಕೇಳುಗರ ಫೋನ್ ಇರಬಹುದು, ಅಲ್ಲಿ ಕೂತವರ ಕಿವಿಯೂ ಇರಬಹುದು. ಇನ್ನು ಹಾಡು ಹಾಕಲು ಡಿಜೆಗಳಿಗೆ ಗುಟ್ಟಾಗಿ ದುಡ್ಡು ಕೊಡುವುದು ಎಷ್ಟು ಜಾಸ್ತಿಯಾಗಿತ್ತು ಅಂದರೆ, ಅಮೆರಿಕದ ಸಂಸತ್ತೇ ವಿಚಾರಣೆ ನಡೆಸಿ 1960ರಲ್ಲಿ ಕಾನೂನು ತಂದಿತು. ಬಿಲ್‌ಬೋರ್ಡ್ ಕೂಡ ಅಂಗಡಿ ಮತ್ತು ಸ್ಟೇಷನ್‌ಗಳು ಹೇಳಿದ್ದನ್ನೇ ಕೂಡಿಸುತ್ತಿತ್ತು. ಅಂದರೆ ಊರಿನ ಸುಳ್ಳು ದೇಶದ ಪಟ್ಟಿಗೂ ಹೋಗುತ್ತಿತ್ತು. ಹತ್ತಾರು ಊರಿನ ಸುಳ್ಳು ಸೇರಿ ಸ್ವಲ್ಪ ತೆಳುವಾಗುತ್ತಿತ್ತು, ಅಷ್ಟೇ ವ್ಯತ್ಯಾಸ.

ಒಂದೇ ಊರಲ್ಲಿ ಎರಡು ಪಟ್ಟಿ ಇರುವುದೂ ಉಂಟು. ಶಿಕಾಗೋದಲ್ಲಿ 1965ರಿಂದ ಡಬ್ಲ್ಯೂಸಿಎಫ್‌ಎಲ್ ಕೂಡ ಪೈಪೋಟಿಗೆ ಇಳಿಯಿತು. ಅದರ ಮಾಲೀಕರು ಯಾರು ಗೊತ್ತಾ? ಶಿಕಾಗೋದ ಕಾರ್ಮಿಕ ಸಂಘಗಳ ಒಕ್ಕೂಟ. ಯೂನಿಯನ್‌ನವರು ನಡೆಸುವ ರಾಕ್ ಸ್ಟೇಷನ್! ನನಗಂತೂ ಇದು ಬಹಳ ಇಷ್ಟವಾದ ಸಂಗತಿ.

ಊರಿನ ಹೆಮ್ಮೆ ಎಂಥದ್ದು ಅಂತ ತಿಳಿಯಬೇಕಾದರೆ ರಾಕ್ ಗಾಯಕ ಬಾಬ್ ಸೀಗರ್‌ನನ್ನು ನೋಡಬೇಕು. ಡೆಟ್ರಾಯಿಟ್‌ನಲ್ಲಿ ಆತ 1960ರ ದಶಕದಿಂದಲೇ ಮನೆಮಗ. 1976ರ ಜೂನ್‌ನಲ್ಲಿ ಪಕ್ಕದ ಪಾಂಟಿಯಾಕ್‌ನ ಸ್ಟೇಡಿಯಂನಲ್ಲಿ ಸುಮಾರು 78,000 ಜನರ ಮುಂದೆ ಹಾಡಿದ. ಮಾರನೇ ರಾತ್ರಿ ಶಿಕಾಗೋದಲ್ಲಿ ಹಾಡಿದಾಗ ಎದುರಿಗೆ ಸಾವಿರ ಜನರೂ ಇರಲಿಲ್ಲ. ಎರಡೂ ಊರಿನ ನಡುವೆ ಹೆಚ್ಚು ಕಡಿಮೆ ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋದಷ್ಟು ದೂರ.

ಈ ಹಾಳೆಗಳು ನಿಂತದ್ದು ಹೇಗೆ ಅನ್ನುವುದು ದೊಡ್ಡ ಕತೆ, ಬೇಗ ಹೇಳಿಬಿಡುತ್ತೇನೆ. ಹಾಡು ಈ ಹಳೇ ಎಎಂ ಸ್ಟೇಷನ್‌ಗಳನ್ನು ಬಿಟ್ಟು ಎಫ್‌ಎಂಗೆ ಹೋಯಿತು. ಚಮ್ ಪಟ್ಟಿ 1986ರಲ್ಲಿ ನಿಂತಿತು. ಡಬ್ಲ್ಯೂಎಲ್‌ಎಸ್ 1989ರಲ್ಲಿ ಹಾಡು ಬಿಟ್ಟು ಮಾತಿಗೆ ತಿರುಗಿತು. 1991ರಲ್ಲಿ ಬಿಲ್‌ಬೋರ್ಡ್ ಅಂಗಡಿಯವರ ಬಾಯಿಮಾತು ಬಿಟ್ಟು ಕೌಂಟರಿನ ಬಾರ್‌ಕೋಡ್ ಲೆಕ್ಕ ಹಿಡಿಯಿತು. 1996ರ ಕಾನೂನು, ಒಂದು ಕಂಪನಿ ದೇಶದಲ್ಲಿ ಇಷ್ಟೇ ಸ್ಟೇಷನ್ ಇಟ್ಟುಕೊಳ್ಳಬೇಕು ಅನ್ನುವ ಮಿತಿಯನ್ನು ತೆಗೆದುಹಾಕಿತು. ಆಮೇಲೆ ಕ್ಲಿಯರ್ ಚಾನೆಲ್ ಎಂಬ ಒಂದೇ ಕಂಪನಿಯ ಕೈಗೆ ಸಾವಿರಕ್ಕೂ ಹೆಚ್ಚು ಸ್ಟೇಷನ್ ಬಂದವು.

ಕೊನೆಗೆ, ತಲೆಬರಹದ ವಿಷಯ. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನ 'ದೆಮ್' ತಂಡದ 'ಗ್ಲೋರಿಯಾ' ಹಾಡಿನಲ್ಲಿ ಹುಡುಗಿ ಹಾಡುವವನ ಕೋಣೆಗೆ ಬರುತ್ತಾಳೆ ಅನ್ನುವ ಸಾಲಿದೆ. ಡಬ್ಲ್ಯೂಎಲ್‌ಎಸ್‌ನವರು ಅದನ್ನು ಹಾಕಲ್ಲ ಅಂದರು. ಶಿಕಾಗೋ ಹೊರವಲಯದ 'ಷಾಡೋಸ್ ಆಫ್ ನೈಟ್' ತಂಡದ ಹುಡುಗರು ಅದೇ ಹಾಡನ್ನು ಆ ಸಾಲು ಬದಲಿಸಿ ಹಾಡಿದರು. ಅಲ್ಲಿಯದೇ ಸಣ್ಣ ಕಂಪನಿ ಹೊರತಂದಿತು. 1966ರಲ್ಲಿ ಡಬ್ಲ್ಯೂಎಲ್‌ಎಸ್ ಪಟ್ಟಿಯಲ್ಲಿ ಅದು ಒಂದನೆಯದು, ದೇಶದಲ್ಲಿ ಹತ್ತನೆಯದು. ಒಂದು ಊರಿನ ಮಡಿವಂತಿಕೆ ಆ ಊರಿನ ಹುಡುಗರಿಗೇ ಹಿಟ್ ಕೊಟ್ಟಿತು.

ಎರಡೂ ನನ್ನ ಫೋನಿನಲ್ಲಿವೆ. ಮೊದಲು ಬೆಲ್‌ಫಾಸ್ಟ್‌ನದು, ಆಮೇಲೆ ಶಿಕಾಗೋದ್ದು ಹಾಕುತ್ತೇನೆ. ಸಾಲು ಬದಲಾದ ಕಡೆ ಕೈ ಎತ್ತಿ. ಸ್ವಲ್ಪ ಆ ಫ್ಯಾನ್ ಆಫ್ ಮಾಡ್ತೀರಾ?