ಅಮ್ಮನ ಟಿಕೆಟ್‌ನಲ್ಲಿ ನಾನು: ವಿದೇಶದಲ್ಲೊಂದು ಘಟಿಕೋತ್ಸವ

ವಿಡಿಯೋ ಅಲುಗಾಡುತ್ತಿದೆ, ಗೊತ್ತು. ನಾವಿಬ್ಬರೂ ಓಡುತ್ತಿದ್ದೇವೆ. ಮುಂದೆ ಹೋಗುತ್ತಿರುವವಳು ನನ್ನ ರೂಮ್‌ಮೇಟ್. ಇಂದು ಅವಳ ಘಟಿಕೋತ್ಸವ. ರಾತ್ರಿಯೆಲ್ಲ ಅವಳಿಗೂ ನಿದ್ದೆಯಿಲ್ಲ, ನನಗೂ ಇಲ್ಲ.

ಇಲ್ಲಿ ಒಬ್ಬ ವಿದ್ಯಾರ್ಥಿಗೆ ಇಬ್ಬರು ಅತಿಥಿಗಳ ಟಿಕೆಟ್ ಮಾತ್ರ ಕೊಡುತ್ತಾರೆ. ಅಪ್ಪ, ಅಮ್ಮನಿಗೆಂದು ಅವಳು ಎರಡನ್ನೂ ಮೊದಲ ದಿನವೇ ತೆಗೆದಿಟ್ಟಿದ್ದಳು. ವೀಸಾ ಅರ್ಜಿಗೆ ಸಮಾರಂಭದ ದಿನದೊಳಗೆ ಉತ್ತರ ಬರಲೇ ಇಲ್ಲ. ಹಾಗಾಗಿ ಅಮ್ಮನ ಸೀಟಿನಲ್ಲಿ ನಾನು, ಅಪ್ಪನ ಸೀಟಿನಲ್ಲಿ ನಮ್ಮಿಬ್ಬರ ಕೋಟುಗಳು. ಆ ಟಿಕೆಟನ್ನು ಬೇರೆ ಯಾರಿಗಾದರೂ ಕೊಡು ಎಂದಿದ್ದೆ. ಅವಳು ಒಪ್ಪಲಿಲ್ಲ. ಅವಳು ಮಾಡಿದ್ದೇ ಸರಿ ಎಂದು ಈಗ ಅನ್ನಿಸುತ್ತದೆ.

ಇದು ಗೌನು ಕೊಡುವ ಜಾಗ. ಸಾಲು ನೀವೇ ನೋಡುತ್ತಿದ್ದೀರಿ. ವರ್ಷಗಟ್ಟಲೆ ಶುಲ್ಕ ಕಟ್ಟಿಸಿಕೊಂಡವರು ಅರ್ಧ ದಿನದ ಕಪ್ಪು ಬಟ್ಟೆಗೆ ಬಾಡಿಗೆ ಕೇಳುವುದು ನನಗೆ ಸ್ವಲ್ಪವೂ ಸರಿ ಕಾಣುವುದಿಲ್ಲ.

ಬಾಡಿಗೆಯದು ಹೋಗಲಿ, ಈ ಹುಡ್ ನೋಡಿ. ಹೆಗಲಿನಿಂದ ಬೆನ್ನಿಗೆ ಇಳಿದಿದೆಯಲ್ಲ, ಬಣ್ಣದ ಒಳಪದರದ ಬಟ್ಟೆ, ಅದೇ. ಭಾರವೆಲ್ಲ ಹಿಂದೆಯೇ ಇರುತ್ತದೆ. ಅದನ್ನು ಹಿಡಿದು ನಿಲ್ಲಿಸಲು ಮುಂದೆ, ಕುತ್ತಿಗೆಯ ಕೆಳಗೆ, ಕಿರುಬೆರಳೂ ತೂರದಷ್ಟು ಸಣ್ಣ ದಾರದ ಕುಣಿಕೆ. ಅದನ್ನು ಅಂಗಿಯ ಗುಂಡಿಗೆ ಸಿಕ್ಕಿಸಬೇಕು. ಗುಂಡಿಯೇ ಇಲ್ಲದ ಉಡುಪು ತೊಟ್ಟವರು ಏನು ಮಾಡಬೇಕು? ಕೇಳಿದರೆ ಅಲ್ಲಿದ್ದವರು ಭುಜ ಕುಣಿಸಿದರು. ಎರಡು ಹೆಜ್ಜೆ ಇಟ್ಟರೆ ಹುಡ್ ಹಿಂದಕ್ಕೆ ಜಾರುತ್ತದೆ, ಮುಂದಿನ ಪಟ್ಟಿ ಗಂಟಲನ್ನು ಒತ್ತುತ್ತದೆ. ಅವಳು ಎಳೆದು ಸರಿಮಾಡಿಕೊಳ್ಳುತ್ತಾಳೆ, ಮತ್ತೆ ಜಾರುತ್ತದೆ. ಕುತ್ತಿಗೆಯ ಮೇಲೆ ಕೆಂಪು ಗೆರೆಯೇ ಮೂಡಿತ್ತು. ಗಂಡಸರ ಅಂಗಿಯನ್ನಷ್ಟೇ ಮನಸ್ಸಿನಲ್ಲಿಟ್ಟುಕೊಂಡು ಹೊಲಿದ ಬಟ್ಟೆ ಇದು. ಆಕ್ಸ್‌ಫರ್ಡ್ ಹೆಣ್ಣುಮಕ್ಕಳಿಗೆ ಪದವಿ ಕೊಡಲು ಒಪ್ಪಿದ್ದು 1920ರಲ್ಲಿ, ಕೇಂಬ್ರಿಡ್ಜ್ ಪೂರ್ಣ ಪದವಿ ಕೊಟ್ಟದ್ದು 1948ರಲ್ಲಿ. ಅಷ್ಟು ಹೊತ್ತಿಗೆ ಹುಡ್‌ಗೆ ಶತಮಾನಗಳ ವಯಸ್ಸಾಗಿತ್ತು. ಆದರೆ 1948 ಕಳೆದು ಎಷ್ಟು ಕಾಲವಾಯಿತು! ಒಂದು ಕೊಕ್ಕೆ ಹೊಲಿಯಲು ಇನ್ನೆಷ್ಟು ದಿನ ಬೇಕು?

ಕೊನೆಗೆ ಕಾಪಾಡಿದವರು ಹಿಂದೆ ನಿಂತಿದ್ದ ಒಬ್ಬ ಅಜ್ಜಿ. ಯಾರ ಅಜ್ಜಿಯೋ ಗೊತ್ತಿಲ್ಲ. ಪರ್ಸಿನಿಂದ ಎರಡು ಪಿನ್ನು ತೆಗೆದು ನನ್ನ ಅಂಗೈಯಲ್ಲಿಟ್ಟರು. ಹೆಗಲಿನ ಎರಡೂ ಕಡೆ, ಒಳಗಿನಿಂದ, ಪಿನ್ನಿನ ತಲೆ ಕಾಣದಂತೆ ಚುಚ್ಚಿದೆ. ಮೊದಲನೆಯದು ನನ್ನ ಬೆರಳಿಗೇ ಚುಚ್ಚಿತು, ಆ ಭಾಗವನ್ನು ವಿಡಿಯೋದಿಂದ ಕತ್ತರಿಸಿ ತೆಗೆದಿದ್ದೇನೆ.

ಮೆರವಣಿಗೆ ಬರುತ್ತಿದೆ. ಮುಂದೆ ದಂಡ ಹಿಡಿದವರು, ಹಿಂದೆ ಪ್ರಾಧ್ಯಾಪಕರು, ಕೆಂಪು, ನೀಲಿ, ಹಸಿರು. ಮಧ್ಯಯುಗದಲ್ಲಿ ಬೆಂಕಿಗೂಡಿಲ್ಲದ ಕಲ್ಲಿನ ಕೋಣೆಗಳಲ್ಲಿ ಪಾಠ ನಡೆಯುತ್ತಿದ್ದಾಗ ಚಳಿಗೆ ತಲೆಯ ಮೇಲೆ ಎಳೆದುಕೊಳ್ಳುತ್ತಿದ್ದ ಕುಲಾವಿಯೇ ಇಂದಿನ ಹುಡ್. ಅದು ನೆನಪಾಗಿ ನನ್ನ ಸಿಟ್ಟು ಅರ್ಧ ಇಳಿಯಿತು. ಇನ್ನರ್ಧ ಆ ಕುಣಿಕೆಯ ಮೇಲೆ ಹಾಗೆಯೇ ಇದೆ. ಫಿನ್ಲೆಂಡಿನಲ್ಲಿ ಡಾಕ್ಟರೇಟ್ ಪಡೆದವರಿಗೆ ಎತ್ತರದ ಟೋಪಿಯ ಜೊತೆ ಕತ್ತಿಯೂ ಇರುತ್ತದೆ. ಸಮಾರಂಭದ ಮುನ್ನಾದಿನ ಎಲ್ಲರೂ ಸೇರಿ ಆ ಕತ್ತಿಯನ್ನು ಸಾಣೆ ಹಿಡಿಯುತ್ತಾರೆ. ಸತ್ಯವನ್ನು ಎತ್ತಿಹಿಡಿಯುವುದಕ್ಕೆ ಸಂಕೇತವಂತೆ. ನನಗಂತೂ ಕೇಳಿದೊಡನೆ ಮೈ ಜುಮ್ಮೆಂದಿತು. ಇವಳು ಮುಂದೆ ಓದುವುದಾದರೆ... ಇರಿ, ಅವಳ ಸಾಲು ಎದ್ದಿತು.

ಕೈಯಲ್ಲಿರುವುದು ಹೆಸರಿನ ಚೀಟಿ. ಉಚ್ಚಾರಣೆಯನ್ನು ಬಿಡಿಸಿ ಬರೆದು ಕೊಟ್ಟಿದ್ದಳು. ಓದುವವರು ಒಂದು ಕ್ಷಣ ತಡೆದರು. ಆಮೇಲೆ ದೀರ್ಘವನ್ನು ದೀರ್ಘವಾಗಿಯೇ ಎಳೆದು ಪೂರ್ತಿ ಹೆಸರು ಕೂಗಿದರು. ಮೂರು ವರ್ಷಗಳಲ್ಲಿ ಈ ಊರಿನಲ್ಲಿ ಯಾರೂ ಅವಳನ್ನು ಹಾಗೆ ಕರೆದಿರಲಿಲ್ಲ. ಮೆಟ್ಟಿಲು, ಕೈಕುಲುಕು, ಮೆಟ್ಟಿಲು. ಎಂಟು ಸೆಕೆಂಡು ಇರಬಹುದು. ಹುಡ್ ಒಂದಿಷ್ಟೂ ಕದಲಲಿಲ್ಲ.

ಅವಳ ಮನೆಯಲ್ಲಿ ಆಗ ನಡುರಾತ್ರಿ. ಅಮ್ಮ ಮೊಬೈಲ್‌ನಲ್ಲಿ ನೇರ ಪ್ರಸಾರ ನೋಡುತ್ತಿದ್ದರು. ನೇರ ಎಂದು ಕರೆದರೂ ಅದು ಅರ್ಧ ನಿಮಿಷ ಹಿಂದೆ ಇರುತ್ತದೆ. ಇವಳು ವಾಪಸು ಬಂದು ಕುಳಿತು, ಟೋಪಿಯ ಕುಚ್ಚನ್ನು ಕಣ್ಣಿನಿಂದ ಸರಿಸಿಕೊಂಡಿದ್ದೂ ಆಗಿತ್ತು. ಆಗ ನನ್ನ ಮೊಬೈಲ್ ಅದುರಿತು. ಅಮ್ಮನ ಸಂದೇಶ: ‘ಈಗ ಮೆಟ್ಟಿಲು ಹತ್ತುತ್ತಿದ್ದಾಳೆ ನೋಡು.’

ವೇದಿಕೆಯ ಮೇಲೆ ಬೇರೆ ಯಾರೋ ಇದ್ದರು. ನಾನು ಎದ್ದು ನಿಂತು ಮತ್ತೊಮ್ಮೆ ಚಪ್ಪಾಳೆ ತಟ್ಟಿದೆ.

ಗೌನು ಹಿಂದಿರುಗಿಸುವ ಸಾಲು ಆಗಲೇ ಬಾಗಿಲಿನವರೆಗೆ ಬಂದಿದೆ. ಮೊದಲು ಆ ಅಜ್ಜಿಯನ್ನು ಹುಡುಕಬೇಕು, ಅವರ ಪಿನ್ನು ನಮ್ಮ ಹತ್ತಿರವೇ ಉಳಿದಿದೆ.